ಸರಪಳಿ ಬಾರದ ಕೇರಿ

ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ, ಡಿಸೆಂಬರ್ ತಿಂಗಳ ಐದನೆಯ ತಾರೀಖು, ಸೋಮವಾರ. ಆ ದಿನ ಬಿಳೇಕಲ್ಲು ಊರಿನ ಮಾದಿಗರ ಕೇರಿಯಲ್ಲಿ ಮೂವತ್ತೊಂದು ಮನೆಗಳಿದ್ದವು. ಕೆರೆಯ ನಕ್ಷೆ ಬರೆಯಲು ಬಂದ ಸರ್ಕಾರದ ತಂಡ ಅದೇ ದಿನ ಹನುಮಂತ ದೇವರ ಗುಡಿಯ ಮುಂದೆ ಡೇರೆ ಹಾಕಿತು.

ಯಲಬುರ್ಗಿಯಿಂದ ಕುಷ್ಟಗಿಗೆ ಹೋಗುವ ಬಂಡಿ ದಾರಿಯ ಎಡಕ್ಕೆ ಆ ಊರು. ಊರಿನ ಮಗ್ಗುಲಲ್ಲಿ ಒಂದು ಹಳ್ಳ. ಮಳೆ ಬಿದ್ದಾಗ ನಾಲ್ಕು ದಿನ ಹರಿದು, ಉಳಿದ ದಿನ ಬರೀ ಮರಳಾಗಿ ಬಿದ್ದಿರುತ್ತಿತ್ತು. ಅದಕ್ಕೆ ಒಡ್ಡು ಹಾಕಿ ಕೆರೆ ಮಾಡಬೇಕು ಎಂಬುದು ಮೇಲಿನವರ ಯೋಚನೆ. ಕಟ್ಟುವ ಮೊದಲು ಅಳೆಯಬೇಕು. ಅಳೆದ ಮೇಲೆ ನೆಲದ ಏರಿಳಿತ ನೋಡಬೇಕು. ಆಮೇಲೆ ಗುಂಡಿ ತೋಡಿ ಒಳಗೆ ಏನಿದೆ ಎಂದು ತಿಳಿಯಬೇಕು. ಅದರ ನಂತರ ನಕ್ಷೆ, ನಕ್ಷೆಯ ಮೇಲೆ ಅಂದಾಜು, ಅಂದಾಜಿಗೆ ಮಂಜೂರಿ. ಕಡೆಗೆ ನೆಲಕ್ಕೆ ಗೂಟ. ಒಂದು ಹಂತದ ಹೆಗಲ ಮೇಲೆ ಇನ್ನೊಂದು ಹಂತ ಕೂರುತ್ತದೆ. ಕೆಳಗಿನವರು ಬಿಟ್ಟದ್ದನ್ನು ಮೇಲಿನವರು ಬಗ್ಗಿ ನೋಡುವುದಿಲ್ಲ.

ಓವರ್ಸಿಯರ್ ವಿರೂಪಾಕ್ಷಪ್ಪನಿಗೆ ಆಳುಗಳು ಬೇಕಾಗಿದ್ದರು. ಸರಪಳಿ ಎಳೆಯುವುದಕ್ಕೆ, ಗೂಟ ಹೊರುವುದಕ್ಕೆ, ಬಾವುಟ ಹಿಡಿಯುವುದಕ್ಕೆ ಒಕ್ಕಲುತನದವರ ಮನೆಯ ಹುಡುಗರು ಸಿಕ್ಕರು. ಉಳಿದದ್ದು ಅಳತೆಯ ಕೋಲು. ಎರಡಾಳಿಗೂ ಮಿಕ್ಕ ಎತ್ತರದ ಮರದ ಕೋಲು. ಅದರ ಮೇಲೆ ಕಪ್ಪು, ಕೆಂಪು ಬಣ್ಣದ ಗೆರೆ, ಅಂಕಿ. ಅದನ್ನು ನೆಟ್ಟಗೆ ಹಿಡಿದು ನಿಂತರೆ ಓವರ್ಸಿಯರ್ ದೂರದಲ್ಲಿ ದುರ್ಬೀನಿಗೆ ಕಣ್ಣಿಟ್ಟು ಅಂಕಿ ಓದುತ್ತಾನೆ. ಹಿಡಿದವನ ಹತ್ತಿರ ಯಾರೂ ಹೋಗಬೇಕಾಗಿಲ್ಲ, ಅವನ ಕೈಯಿಂದ ಏನೂ ತೆಗೆದುಕೊಳ್ಳಬೇಕಾಗಿಲ್ಲ. ಆದ್ದರಿಂದ ಆ ಕೆಲಸಕ್ಕೆ ಕೇರಿಯವನಾದರೂ ಆದೀತು ಎಂದರು. ಬಾಲಪ್ಪನನ್ನು ಕರೆದರು.

ಬಾಲಪ್ಪನಿಗೆ ಮೂವತ್ತರ ಆಸುಪಾಸು. ಹೆಂಡತಿ ಹಿಂದಿನ ವರ್ಷ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ತಾನೇ ರೊಟ್ಟಿ ಬಡಿದು ತಾನೇ ತಿನ್ನುತ್ತಿದ್ದ. ಕೆಲಸಕ್ಕೆ ಕರೆದಾಗ ಕೂಲಿ ಎಷ್ಟೆಂದು ಕೇಳಲಿಲ್ಲ. ಮನೆಯಿಂದ ಹೊರಗಿರುವುದಕ್ಕೆ ಒಂದು ದಾರಿ ಸಿಕ್ಕಿತಲ್ಲ ಎಂದು ಹೋದ.

ಹೊರಗೆ ಇನ್ನೂ ಒಂಟಿಯಾದ. ಬೆಳಗ್ಗೆ ಕೋಲು ಹೆಗಲಿಗೇರಿಸಿ ಹೊಲದ ಆಚೆ ತುದಿಗೆ ನಡೆಯಬೇಕು. ಅಲ್ಲಿ ನಿಲ್ಲಬೇಕು. ಗಾಳಿಗೆ ಕೋಲು ವಾಲುತ್ತದೆ, ಎರಡೂ ಕೈಯಲ್ಲಿ ಹಿಡಿದು ಎದೆಗೆ ಆನಿಸಿಕೊಳ್ಳಬೇಕು. ಮೂಗಿನ ಮೇಲೆ ನೊಣ ಕೂತರೂ ಕೈ ಬಿಡುವಂತಿಲ್ಲ. ಮಾತಿಲ್ಲ. ಕೂಗಿದರೆ ಕೇಳದಷ್ಟು ದೂರವಾದ್ದರಿಂದ ಎಲ್ಲ ಕೈಸನ್ನೆ. ಓವರ್ಸಿಯರ್ ಕೈ ಚಾಚಿದ ಕಡೆಗೆ ಸರಿಯಬೇಕು. ಎರಡೂ ಕೈ ಮೇಲೆತ್ತಿದರೆ ಅಲ್ಲೇ ನಿಲ್ಲಬೇಕು. ಸಂಜೆಯ ಹೊತ್ತಿಗೆ ತೋಳು ಮರಗಟ್ಟಿ, ರೊಟ್ಟಿ ಮುರಿಯುವುದಕ್ಕೂ ಬೆರಳು ಮಡಿಚುತ್ತಿರಲಿಲ್ಲ. ಮಧ್ಯಾಹ್ನ ಉಳಿದವರು ಬೇವಿನ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿದರೆ, ಅವನಿಗೆ ಅದೇ ಹೊಲದಲ್ಲಿ ಬೇರೆ ಗಿಡ ಹುಡುಕಬೇಕು. ಗಿಡವಿಲ್ಲದ ಹೊಲದಲ್ಲಿ ಬದುವಿಗೆ ಒರಗಿ ಉಣ್ಣಬೇಕು.

ಸರಪಳಿಯ ಮುಂದಾಳು ಹನುಮಂತಪ್ಪ, ಗೌಡರ ಪೈಕಿ ಹುಡುಗ. ಒಂದು ದಿನ ಬಾಲಪ್ಪ ಇನ್ನೂ ಕೂಗಳತೆಯಲ್ಲಿದ್ದಾಗ ದುರ್ಬೀನಿನೊಳಗೆ ಬಗ್ಗಿ ನೋಡಿ ನಗತೊಡಗಿದ.

"ಲೇ ಬಾಲ್ಯಾ, ಇದರಾಗ ನೀ ತಲಿ ಕೆಳಗ ಮಾಡಿ ಕಾಲ ಮ್ಯಾಗ ಮಾಡಿ ನಿಂತೀಯಲ್ಲೋ. ಬಾವಲಿ ಆಗೀದಿ."

"ನಾ ನೆಟ್ಟಗ ನಿಂತೀನ್ರಿ."

"ನೀ ಹೆಂಗರ ನಿಲ್ಲು. ಸರ್ಕಾರಕ್ಕ ಕಾಣೂದು ಹಿಂಗ."

ಎಲ್ಲರೂ ನಕ್ಕರು. ಬಾಲಪ್ಪನೂ ಸ್ವಲ್ಪ ನಕ್ಕ. ತನ್ನೊಡನೆ ಯಾರಾದರೂ ಮಾತಾಡಿ ವಾರವಾಗಿತ್ತು.

ಸರಪಳಿಯ ಅಳತೆ ಊರು ಮುಗಿಸಿ, ಗೌಡರ ಲಿಂಬಿ ತೋಟ ಮುಗಿಸಿ, ಕೇರಿಯ ಜಾಲಿ ಬೇಲಿಯ ತನಕ ಬಂತು. ಅಲ್ಲಿ ಹನುಮಂತಪ್ಪ ನಿಂತ. ಸರಪಳಿಯ ಹಿಡಿಕೆಯನ್ನು ಕೆಳಗಿಟ್ಟ.

"ಇನ್ನ ಮುಂದ ನಾ ಕಾಲ ಇಡೂದಿಲ್ರಿ ಸಾಹೇಬ್ರ. ನಾ ಇಟ್ಟರೂ ಈ ಸರಪಳಿ ಒಳಗ ಎಳಿಯಂಗಿಲ್ಲ. ರಾತ್ರಿ ಇದು ಗುಡಿ ಪೌಳಿಯಾಗ ಇರತೈತಿ. ಕೇರಿ ನೆಲದಾಗ ಹೊಳ್ಳಾಡಿದ್ದನ್ನ ಒಯ್ದು ದೇವರ ಮಗ್ಗಲಕ ಇಡೂದೇನು?"

ಬಾಲಪ್ಪ ಹತ್ತು ಮಾರು ದೂರದಲ್ಲಿದ್ದ. "ಒಳಗ ನಾ ಎಳೀತೀನ್ರಿ," ಎಂದ.

"ಎಳದ ಮ್ಯಾಲ ಅದನ್ನ ಯಾರು ಮುಟ್ಟಬೇಕಲೇ? ನಿಮ್ಮಪ್ಪ ಬಂದು ಮುಟ್ಟತಾನೇನು?"

ಓವರ್ಸಿಯರ್ ಬಿಸಿಲಿಗೆ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ಅವನಿಗೂ ಒಳಗೆ ಹೋಗುವ ಮನಸ್ಸಿರಲಿಲ್ಲ. "ಬೇಲಿ ಹಿಡದು ಸುತ್ತು ಹಾಕ್ರಿ. ಒಳಗಿಂದು ಆಮ್ಯಾಲ ತುಂಬೋಣು," ಎಂದ. ಸರಪಳಿ ಬೇಲಿಯ ಹೊರಗೆ ಹೊರಗೇ ಸುತ್ತಿ ಹಳ್ಳದ ದಂಡೆಗೆ ಹೋಯಿತು. ಅವನು ಹೇಳಿದ ಆ ‘ಆಮ್ಯಾಲ’ ಬರಲೇ ಇಲ್ಲ.

ಕೇರಿಯವರಿಗೆ ಇದರಿಂದ ಬೇಸರವಾಗಲಿಲ್ಲ. ಹಿಗ್ಗಾಯಿತು. ಅಳತೆ ಎಂದರೆ ಅವರು ಕಂಡದ್ದು ಒಂದೇ: ಸರಪಳಿ ಮುಂದೆ ಬರುತ್ತದೆ, ಅದರ ಹಿಂದೆ ಪಟ್ಟಿ, ಕಂದಾಯ ಕೇಳುವವರು ಬರುತ್ತಾರೆ. ಸುಂಕಲಮ್ಮ ಆ ಕೇರಿಗೆ ಹಿರಿಯಳು. ಸಂಜೆ ಬಾಲಪ್ಪ ಕೋಲನ್ನು ಗೋಡೆಗೆ ಒರಗಿಸುವುದನ್ನೇ ಕಾಯುತ್ತಿದ್ದಳು.

"ಖರೇನ ಒಳಗ ಬರೂದಿಲ್ಲಂತೇನು?"

"ಬರೂದಿಲ್ಲ ಯವ್ವಾ. ಅವರ ಸರಪಳಿಗೆ ಮೈಲಿಗಿ ಆಗತೈತಂತ."

"ಆಗಲಿ ಬಿಡು. ಇಷ್ಟ ವರ್ಷಕ್ಕ ನಮ್ಮ ಮೈಲಿಗಿ ನಮ್ಮ ಉಪಯೋಗಕ್ಕ ಬಂತು," ಎಂದು ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಅಳೀಲಾರದ ನೆಲಕ್ಕ ಸರ್ಕಾರ ಏನ್ ಮಾಡೀತು? ಅವರ ಲೆಕ್ಕದಾಗ ನಾವು ಇಲ್ಲ ಅಂದ್ರ ನಮಗ ಏನೂ ಆಗೂದಿಲ್ಲ."

ಬಾಲಪ್ಪನೂ ಹಾಗೆಯೇ ತಿಳಿದ. ಮನೆ ಮನೆಗೆ ಹೋಗಿ ಏನೂ ಆಗುವುದಿಲ್ಲ ಎಂದು ತಾನೇ ಹೇಳಿ ಬಂದ. ಅದು ಆ ಕೇರಿಯವರು ಮಾತ್ರ ಮಾಡಬಹುದಾದ ತಪ್ಪು. ಇಲ್ಲವೆಂದು ಎಣಿಸಲ್ಪಟ್ಟವರಿಗೆ ಇಲ್ಲದಿರುವುದೇ ಕ್ಷೇಮವಾಗಿ ಕಂಡಿತ್ತು.

ಸಂಕ್ರಮಣದ ಆಚೆಗೆ ಗುಂಡಿ ತೋಡುವ ಕೆಲಸ ಬಂತು. ಅದಕ್ಕೆ ಒಕ್ಕಲುತನದ ಹುಡುಗರು ಬರಲಿಲ್ಲ. ಕೇರಿಯ ಗಂಡಸರನ್ನು ಹಚ್ಚಿದರು. ಮೊದಲು ಎರೆ ಮಣ್ಣು, ಒಣಗಿ ಕಲ್ಲಾದದ್ದು. ಹಾರೆ ಹಾಕಿದರೆ ಕೈಗೆ ಝುಮ್ಮೆನ್ನುತ್ತಿತ್ತು. ಸೊಂಟದ ಮಟ್ಟ ಇಳಿದ ಮೇಲೆ ಗರಸು, ಸಣ್ಣ ಕಲ್ಲು ಬೆರೆತ ಮಣ್ಣು. ಎದೆಯ ಮಟ್ಟಕ್ಕೆ ಬಂದಾಗ ಹಾರೆ ಎತ್ತುವುದಕ್ಕೆ ಎಡೆಯಿಲ್ಲ. ಮೊಣಕಾಲೂರಿ ಗುದ್ದಲಿಯಿಂದ ಕೆದರಿ, ಬುಟ್ಟಿ ತಲೆಯ ಮೇಲಕ್ಕೆತ್ತಿ ಕೊಡಬೇಕು. ಕಣ್ಣಿಗೆ, ಕಿವಿಗೆ, ಅಂಗಾಲಿನ ಬಿರುಕಿಗೆ ಮಣ್ಣು. ಬಾಲಪ್ಪ ಕೋಲಿಲ್ಲದ ದಿನ ಗುಂಡಿಗಿಳಿದ. ಓವರ್ಸಿಯರ್ ಮೇಲಿನಿಂದ ಬಗ್ಗಿ, "ತಳಕ ಬಂಡಿಗಲ್ಲು ಹತ್ತಿತೇನಲೇ?" ಎಂದು ಕೇಳಿದ.

"ಇಲ್ರಿ. ಮೆತ್ತಗ ಐತ್ರಿ."

ಮೆತ್ತಗಿದೆ ಎಂಬುದನ್ನು ಓವರ್ಸಿಯರ್ ಬರೆದುಕೊಂಡ. ಆ ಗುಂಡಿ ಕೇರಿಯ ಬೇಲಿಗೆ ಅಂಟಿಕೊಂಡೇ ಇತ್ತು. ಎದುರು ದಂಡೆಯ ಗುಂಡಿಯಲ್ಲಿ ಆಳೆತ್ತರಕ್ಕೇ ಬಂಡೆ ಸಿಕ್ಕಿತ್ತು.

ನಕ್ಷೆ ಬರೆಯುವವನು ಜಿಲಾನಸಾಬ, ಕೊಪ್ಪಳದ ಕಡೆಯವನು, ವಯಸ್ಸಾದವನು. ಡೇರೆಯೊಳಗೆ ಹಲಗೆಯ ಮೇಲೆ ಬಗ್ಗಿ ಕೂತರೆ ಊಟದ ಹೊತ್ತೇ ಏಳುತ್ತಿದ್ದ. ಒಂದು ಸಂಜೆ ಬಾಲಪ್ಪ ಮರುದಿನದ ಕೆಲಸ ಕೇಳುವುದಕ್ಕೆ ಡೇರೆಯ ಹಗ್ಗದಾಚೆ ನಿಂತಿದ್ದಾಗ ಒಳಗಿನ ಮಾತು ಕಿವಿಗೆ ಬಿತ್ತು.

"ಓವರ್ಸಿಯರ್ ಸಾಬ್, ಹಳ್ಳದ ಮಗ್ಗಲಕ ಇಷ್ಟಗಲ ಖಾಲಿ ಐತಿ. ಇಲ್ಲಿ ಏನ್ ಬರೀಲಿ?"

"ಖಾಲಿ ಬಿಡು."

"ಖಾಲಿ ಬಿಟ್ರ ಮ್ಯಾಲಿನವ್ರು ಜವಾಬು ಕೇಳತಾರ."

"ಹಂಗಾರ ಬಂಜರ ಅಂತ ಬರಿ. ಯಾರು ಬಂದು ನೋಡತಾರ?"

ಬಾಲಪ್ಪ ಕೇಳಿದ. ಆದರೆ ಅದು ತನ್ನ ಮನೆಯ ಮಾತು ಎಂದು ಅವನಿಗೆ ಹೊಳೆಯಲಿಲ್ಲ. ಬಂಜರು ಭೂಮಿ ಊರ ಸುತ್ತ ಬೇಕಾದಷ್ಟಿತ್ತು.

ನಕ್ಷೆ ಮೇಲೆ ಹೋಯಿತು. ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಬೀಳಬೇಕು, ಅದಕ್ಕೆ ಕೋಡಿ ಬೇಕು. ಕೋಡಿಯ ನೀರು ಹಳ್ಳ ಸೇರುವುದಕ್ಕೆ ಅಗಲವಾದ ಕಾಲುವೆ ಬೇಕು. ಎದುರು ದಂಡೆಯಲ್ಲಿ ಬಂಡೆ. ಈಚೆ ದಂಡೆಯಲ್ಲಿ ಎರಡು ದಾರಿ. ಒಂದು ಗೌಡ ದೊಡ್ಡಬಸಪ್ಪನ ಲಿಂಬಿ ತೋಟದ ಮೇಲೆ. ಅಲ್ಲಿ ಬಾವಿಗೆ, ಗಿಡಗಳಿಗೆ, ಭೂಮಿಗೆ ಪರಿಹಾರ ಕೊಡಬೇಕು. ಇನ್ನೊಂದು ಬಂಜರದ ಮೇಲೆ. ಅಲ್ಲಿ ಕೊಡಬೇಕಾದದ್ದು ಸೊನ್ನೆ. ಇವೆರಡರಲ್ಲಿ ಒಂದನ್ನು ಆರಿಸುವುದಕ್ಕೆ ದೊಡ್ಡ ಗಣಿತ ಬೇಡ. ಓವರ್ಸಿಯರಿಗೆ ತಿಂಗಳೆರಡರಿಂದ ಹಾಲು, ಬೆಣ್ಣೆ ಹೋಗುತ್ತಿದ್ದದ್ದೂ ದೊಡ್ಡಬಸಪ್ಪನ ಮನೆಯಿಂದಲೇ.

ಫೆಬ್ರವರಿ ಮುಗಿಯುವ ಹೊತ್ತಿಗೆ ಇಂಜಿನಿಯರ್ ಸಾಹೇಬ ಬಂದ. ಹೈದರಾಬಾದಿನ ಕಡೆಯವನು, ಕನ್ನಡ ಅಷ್ಟಕ್ಕಷ್ಟೆ. ಮಂಜೂರಿಗೆ ಕಳಿಸುವ ಮೊದಲು ಕೋಡಿ ಕಾಲುವೆಯ ನಡುಗೆರೆಗೆ ಗೂಟ ಹೊಡೆದು, ಕಡೆಯ ಮಟ್ಟ ತಾನೇ ನೋಡಬೇಕೆಂದ. ದಿಬ್ಬದ ಮೇಲೆ ದುರ್ಬೀನು ನಿಲ್ಲಿಸಿದರು. ಜಾಲಿ ಬೇಲಿಯನ್ನು ಹಿಂದಿನ ದಿನವೇ ಒಂದು ಕಡೆ ಕಡಿಸಿದ್ದರು. ಕಡಿದದ್ದನ್ನು ಉರುವಲಿಗೆ ಒಯ್ಯಿರಿ ಎಂದದ್ದರಿಂದ ಕೇರಿಯವರೇ ಬಂದು ಕಡಿದಿದ್ದರು.

ಬಾಲಪ್ಪ ಕೋಲು ಹೊತ್ತು ಹೊರಟ. ಮೊದಲ ಗೂಟ ಒಡ್ಡಿನ ಗುರುತಿನ ಹತ್ತಿರ. ನಿಂತ. ಕೈಸನ್ನೆಯಾಯಿತು, ಮುಂದೆ ನಡೆದ. ಗೂಟ ಬಿತ್ತು. ಮತ್ತೆ ಕೈಸನ್ನೆ. ಬೇಲಿಯ ಹತ್ತಿರ ಬಂದಾಗ ಗೂಟ ಹೊಡೆಯುವ ಹುಡುಗರು ಹಿಂದೆ ಉಳಿದರು. ದಿಬ್ಬದ ಮೇಲಿನ ಕೈ ಇನ್ನೂ ಮುಂದಕ್ಕೆ ಎನ್ನುತ್ತಿತ್ತು. ಬೇಲಿಯ ಕಿಂಡಿ ದಾಟಿದ. ಮುಂದಕ್ಕೆ. ದುರಗಮ್ಮನ ಮನೆಯ ಹಿತ್ತಿಲ ಗೋಡೆ ಬಂತು. ಕೈ ಎಡಕ್ಕೆ ಚಾಚಿತು. ಸರಿದ. ಇನ್ನೂ ಸ್ವಲ್ಪ. ಸರಿದ. ಎರಡೂ ಕೈ ಮೇಲೆದ್ದವು.

ಅವನು ನಿಂತದ್ದು ಸುಂಕಲಮ್ಮನ ಅಂಗಳದಲ್ಲಿ. ಮುದುಕಿ ತೊಗರಿ ಬಡಿಯುತ್ತಿದ್ದಳು. ಬಡಿಗೆ ನಿಲ್ಲಿಸಿದಳು.

"ಏನೋ ಬಾಲ್ಯಾ, ಇಲ್ಲಿ ಬಂದು ಯಾಕ ನಿಂತಿ?"

"ಕೈ ಮಾಡ್ಯಾರ ಯವ್ವಾ."

"ಯಾರು?"

"ಅಲ್ಲಿ, ದಿಬ್ಬದ ಮ್ಯಾಗ."

ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. "ನನಗ ಅವರು ಕಾಣವಲ್ರು. ನಾ ಅವರಿಗೆ ಕಾಣತೀನೇನು?"

ಬಾಲಪ್ಪ ತಿರುಗಿ ನೋಡಿದ. ಹಿಂದೆ ಗೂಟಗಳು ಒಂದರ ಹಿಂದೊಂದು, ನೂಲು ಹಿಡಿದಂತೆ, ಒಡ್ಡಿನಿಂದ ಬೇಲಿಯ ತನಕ, ಅಲ್ಲಿಂದ ಅವನ ಪಾದಕ್ಕೆ ನೇರ. ಮುಂದೆ ನೋಡಿದ. ಅದೇ ನೂಲು ಮುಂದುವರಿದರೆ ಮುದುಕಿಯ ಒಲೆ, ಅದರಾಚೆ ಓಬಳೆಪ್ಪನ ಮನೆ, ಅದರಾಚೆ ತನ್ನ ಮನೆ, ಆಮೇಲೆ ಹಳ್ಳ. ಬೇಲಿಯ ಪಕ್ಕ ತಾನೇ ಇಳಿದು ತೋಡಿದ ಗುಂಡಿ ನೆನಪಾಯಿತು. ಮೆತ್ತಗಿದೆ ಎಂದು ಬಾಯಾರೆ ಹೇಳಿದ್ದು ತಾನೇ.

"ಯವ್ವಾ, ಕೋಡಿ ಇಲ್ಲಿ ಬರತೈತಿ."

"ಇಲ್ಲಿ ಹೆಂಗ ಬರತೈತಿ? ಅವರು ನಮ್ಮನ್ನ ಅಳದೇ ಇಲ್ಲಲ್ಲೋ."

"ಅದಕ್ಕ ಬರತೈತಿ."

ಮುದುಕಿ ಬಡಿಗೆ ಕೆಳಗಿಟ್ಟಳು.

ದಿಬ್ಬದ ಮೇಲೆ ಕೈಗಳು ಇನ್ನೂ ಮೇಲಿದ್ದವು. ಕೋಲು ನೆಟ್ಟಗಿದ್ದರೆ ಅಂಕಿ ಓದುತ್ತಾರೆ. ಅಂಕಿ ಓದಿದರೆ ಮುಗಿಯಿತು. ಮೂರು ತಿಂಗಳಿಂದ ಎದೆಗೆ ಆನಿಸಿಕೊಂಡಿದ್ದ ಕೋಲನ್ನು ಬಾಲಪ್ಪ ಎರಡೂ ಕೈಯಿಂದ ನಿಧಾನವಾಗಿ ಇಳಿಸಿದ. ತೊಗರಿಯ ಹೊಟ್ಟಿನ ಮೇಲೆ ಉದ್ದಕ್ಕೆ ಮಲಗಿಸಿದ. ಅದರ ಪಕ್ಕಕ್ಕೆ ಸರಿದು ಕೈ ಕಟ್ಟಿ ನಿಂತ.

ದೂರದಲ್ಲಿ ಕೂಗು. ಬಾವುಟ ಆಡಿಸಿದರು. ಕಡೆಗೆ ಓವರ್ಸಿಯರ್, ಹನುಮಂತಪ್ಪ ಓಡುತ್ತ ಬಂದು ಬೇಲಿಯ ಕಿಂಡಿಯಲ್ಲಿ ನಿಂತರು. ಒಳಗೆ ಬರಲಿಲ್ಲ.

"ಏನಾತಲೇ? ಬಿದ್ದಿ ಏನು? ಎತ್ತು ಕೋಲ."

"ಬಿದ್ದಿಲ್ರಿ. ಇಳಿಸೀನಿ."

"ಎತ್ತಲೇ. ಸಾಹೇಬ್ರು ಕಾಯಾಕ ಹತ್ಯಾರ."

"ನಾ ಎತ್ತೂದಿಲ್ರಿ. ಬೇಕಾದವ್ರು ಬಂದು ಎತ್ರಿ. ನಾ ಅಡ್ಡ ಬರೂದಿಲ್ಲ."

ಓವರ್ಸಿಯರ್ ಹನುಮಂತಪ್ಪನ ಮುಖ ನೋಡಿದ. ಹನುಮಂತಪ್ಪ ಕೋಲಿನ ಮುಖ ನೋಡಿದ. ಮೂರು ತಿಂಗಳು ಒಬ್ಬ ಮಾದಿಗನ ಬೆವರು ಕುಡಿದ ಮರ ಅದು. ಕೇರಿಯ ನೆಲದ ಮೇಲೆ ಬಿದ್ದಿತ್ತು.

"ನನ್ನ ಕೈಲಿ ಆಗೂದಿಲ್ರಿ," ಎಂದ ಹನುಮಂತಪ್ಪ. "ನೀವ ಎತ್ರಿ."

ಓವರ್ಸಿಯರ್ ಎತ್ತಲಿಲ್ಲ. ಬೈದ. ತಾಯಿಯನ್ನು ಎತ್ತಿ ಬೈದ, ಸತ್ತ ಹೆಂಡತಿಯನ್ನು ಎತ್ತಿ ಬೈದ. ಬಾಲಪ್ಪ ಕಟ್ಟಿದ ಕೈ ಬಿಚ್ಚಲಿಲ್ಲ. ಅಷ್ಟು ಹೊತ್ತಿಗೆ ಕೇರಿಯ ಹೆಂಗಸರು ಸೇರಿದ್ದರು, ಆದರೆ ಯಾರೂ ಅವನ ಪಕ್ಕಕ್ಕೆ ಬಂದು ನಿಲ್ಲಲಿಲ್ಲ. ಎಲ್ಲರೂ ಬಾಗಿಲಲ್ಲೇ ಇದ್ದರು.

ಸಾಹೇಬ ತಾನೇ ನಡೆದು ಬಂದ. ಬೂಟಿನ ಕಾಲಲ್ಲಿ ಕಿಂಡಿ ದಾಟಿ ಒಳಗೇ ಬಂದು ಮನೆಗಳನ್ನು ನೋಡಿದ. "ಇದು ಏನು? ನಕ್ಷಾದಲ್ಲಿ ಇಲ್ಲಿ ಬಂಜರ ಇದೆ," ಎಂದ.

"ಮೊನ್ನೆ ಮೊನ್ನೆ ಬಂದು ಗುಡಸಲ ಹಾಕ್ಯಾರ ಹುಜೂರ್," ಎಂದ ಓವರ್ಸಿಯರ್ ಹೊರಗಿನಿಂದ. "ಪರಿಹಾರದ ಆಸೆಗೆ."

ಸುಂಕಲಮ್ಮ ಎದ್ದಳು. "ಯಾವ ಮೊನ್ನೆ ಯಪ್ಪಾ? ನಿನಗ ಬೆಣ್ಣಿ ಕಳಸೂ ದೊಡ್ಡಬಸಪ್ಪಗೌಡ್ರ ಅಪ್ಪ ಸತ್ತಾಗ ಹಲಗಿ ಬಾರಿಸಿದವ ಈ ಮನಿಯಾಗ ಹುಟ್ಟ್ಯಾನ. ಅವನ ಕೂದಲಾ ಬೆಳ್ಳಗಾಗ್ಯಾವ. ಕರೀಲೇನು? ಕೇಳತೀಯೇನು?"

ಸಾಹೇಬನಿಗೆ ಎಲ್ಲ ಮಾತೂ ತಿಳಿಯಲಿಲ್ಲ. ಗೋಡೆಯ ಮಸಿ ನೋಡಿದ, ಒಳಕಲ್ಲು ಸವೆದದ್ದನ್ನು ನೋಡಿದ. ಅವನು ಕನಿಕರದವನಲ್ಲ. ಮನೆಗಳಿರುವ ಜಾಗವನ್ನು ಬಂಜರ ಎಂದು ತೋರಿಸಿದ ಅಂದಾಜಿನ ಕೆಳಗೆ ಬೀಳಬೇಕಾಗಿದ್ದದ್ದು ಅವನ ಸಹಿ. ನಾಳೆ ಯಾರಾದರೂ ತಕರಾರು ಬರೆದರೆ ಕೇಳುವುದು ಅವನನ್ನು. ಬಾಲಪ್ಪನ ಕಡೆ ತಿರುಗಿ, "ನಿನಗೆ ಏನು ಬೇಕು?" ಎಂದ.

"ಸರಪಳಿ ತರಸ್ರಿ. ನಮ್ಮ ಕೇರಿ ಅಳೀರಿ. ಅಳದ ಮ್ಯಾಲ ಕೋಡಿ ಎಲ್ಲಿ ತರತೀರೋ ತರ್ರಿ. ಅಳೀಲಾರದ ತರಬ್ಯಾಡ್ರಿ."

ಸಾಹೇಬ ಸರಪಳಿ ತರಲು ಹೇಳಿದ. ಒಕ್ಕಲುತನದ ಹುಡುಗರು ಅದನ್ನು ಬೇಲಿಯ ಹೊರಗೆ ಇಟ್ಟು ಹಿಂದೆ ಸರಿದರು. ಸುಂಕಲಮ್ಮ ಒಂದು ತುದಿ ಹಿಡಿದಳು. ದುರಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಇನ್ನೊಂದು ತುದಿ ಹಿಡಿದಳು. ಜಿಲಾನಸಾಬ ಡೇರೆಯಿಂದ ಹಲಗೆ ಹೊತ್ತು ಬಂದು ಮುದುಕಿಯ ಕಟ್ಟೆಯ ಮೇಲೆ ಕೂತ. ಹೊತ್ತು ಮುಳುಗುವವರೆಗೆ ಸರಪಳಿ ಓಣಿ ಓಣಿ ಹರಿಯಿತು. ಮನೆ ಮನೆಗೂ ಒಂದೊಂದು ಚೌಕ ಬಿತ್ತು. ಯಾರ ಮನೆ ಎಂದು ಜಿಲಾನಸಾಬ ಕೇಳಿದಾಗ ಕೆಲವರಿಗೆ ತಮ್ಮ ಹೆಸರು ಹೇಳುವುದಕ್ಕೂ ನಾಚಿಕೆಯಾಯಿತು.

ಮೂವತ್ತೊಂದು ಮನೆಗಳ ಪರಿಹಾರ ಲೆಕ್ಕಕ್ಕೆ ಬಂದದ್ದೇ ಕೋಡಿಯ ಗೆರೆ ಗೌಡರ ತೋಟಕ್ಕೆ ಸರಿಯಿತು. ಮರುದಿನವೇ ದೊಡ್ಡಬಸಪ್ಪ ತನ್ನ ಹೊಲಗಳಿಗೆ ಕೇರಿಯವರು ಕಾಲಿಡಬಾರದೆಂದು ಸಾರಿಸಿದ. ಸುಗ್ಗಿಯ ಕಾಲ, ಜೋಳ ತೆನೆಗಟ್ಟಿ ನಿಂತಿತ್ತು. ಕೊಯ್ಲಿಗೆ ಬೇರೆ ಊರಿನವರು ಬಂದರು. ಓಬಳೆಪ್ಪನ ಮನೆಯವರು, ದುರಗಮ್ಮನ ಮನೆಯವರು ಗಂಟು ಕಟ್ಟಿಕೊಂಡು ಗಂಗಾವತಿ ಕಡೆ ಗದ್ದೆ ಕೆಲಸಕ್ಕೆ ಹೋದರು. ಹೋಗುವಾಗ ಓಬಳೆಪ್ಪ ಬಾಲಪ್ಪನ ಬಾಗಿಲ ಮುಂದೆ ಒಂದು ಗಳಿಗೆ ನಿಂತ.

"ಮನಿ ಉಳಿಸಿದಿಪಾ. ಒಲಿ ಆರಿಸಿದಿ," ಎಂದು ಹೇಳಿ ಹೊರಟುಹೋದ.

ಉಳಿದವರು ಅಷ್ಟನ್ನೂ ಹೇಳಲಿಲ್ಲ. ಬಾಲಪ್ಪ ಬಂದರೆ ಮಾತು ನಿಲ್ಲಿಸುತ್ತಿದ್ದರು. ಸುಂಕಲಮ್ಮ ಮಾತ್ರ ಉಂಡಿಯಾ ಎಂದು ಕೇಳುತ್ತಿದ್ದಳು. ಅವನು ಉಂಡೆ ಎನ್ನುತ್ತಿದ್ದ. ಇಬ್ಬರ ಮನೆಯಲ್ಲೂ ಹಿಟ್ಟಿರಲಿಲ್ಲ.

ಮೂರು ತಿಂಗಳ ಕೂಲಿ ಬರಬೇಕಾಗಿತ್ತು. ಬಾಲಪ್ಪ ಯಲಬುರ್ಗಿಗೆ ನಡೆದು ಹೋದ. ಕಚೇರಿಯ ಪಡಸಾಲೆಯ ಕೆಳಗೆ ನಿಂತ. ಓವರ್ಸಿಯರ್ ಬಹಳ ಮೃದುವಾಗಿ ಮಾತಾಡಿದ.

"ಕೂಲಿ ತಯಾರ ಐತಿ ಬಾಲಪ್ಪ. ಇಲ್ಲೊಂದು ಹೆಬ್ಬಟ್ಟು ಒತ್ತಿಬಿಡು."

"ಏನ್ ಬರದೀರ್ರಿ ಅದರಾಗ?"

"ಏನಿಲ್ಲ. ಗುಡಸಲ ಎಲ್ಲಾ ಅಳತಿ ಮೋಜಣಿ ಆದ ಮ್ಯಾಲ ಎದ್ದಾವು ಅಂತ. ನನ್ನ ನೌಕರಿ ಉಳೀತೈತಿ, ನಿನ್ನ ಹೊಟ್ಟಿ ತುಂಬತೈತಿ. ಗೌಡ್ರೂ ಕೆಲಸಕ್ಕ ಕರೀತಾರ."

ಬಾಲಪ್ಪನ ಕಣ್ಣು ಮಸಿಯ ಡಬ್ಬಿಯ ಮೇಲಿತ್ತು. ಹಿಂದಿನ ದಿನದಿಂದ ಅವನು ಏನೂ ತಿಂದಿರಲಿಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಚಿ ಮುಷ್ಟಿ ಕಟ್ಟಿದ.

"ಕೂಲಿ ನಿಮ್ಮ ಹತ್ರನ ಇರಲ್ರಿ. ಬಿಟ್ಟೀನಿ ಅಂತ ತಿಳೀಬ್ಯಾಡ್ರಿ. ಮತ್ತ ಬರತೀನಿ."

ಹೆಬ್ಬಟ್ಟಿನ ಮಾತನ್ನು ಅವನು ಕೇರಿಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕೆಲವರು ಒತ್ತಿ ಬಾ ಎನ್ನುತ್ತಿದ್ದರೇನೋ. ಆ ಮಾತು ಕೇಳುವ ಧೈರ್ಯ ಅವನಿಗಿರಲಿಲ್ಲ.

ಅದೇ ವರ್ಷ ಯುದ್ಧ ಬಂತು. ಕೆರೆಯ ಕಾಗದಗಳನ್ನು ಕಟ್ಟಿ ಮೇಲಿಟ್ಟರು. ಗೌಡರ ತೋಟ ಉಳಿಯಿತು, ಕೇರಿಯೂ ಉಳಿಯಿತು. ಹಳ್ಳ ಮೊದಲಿನಂತೆಯೇ ನಾಲ್ಕು ದಿನ ಹರಿಯಿತು. ಎರಡು ಸುಗ್ಗಿ ಕಳೆದ ಮೇಲೆ ಆಳು ಸಾಲದೆ ಗೌಡ ಕೇರಿಯವರನ್ನು ಕರೆಸಿದ. ಬಾಲಪ್ಪನನ್ನು ಬಿಟ್ಟು.

ಅವನು ಕಲ್ಲು ಒಡೆದು, ಸೌದೆ ಮಾರಿ ಬದುಕಿದ. ಪ್ರತಿ ವರ್ಷ ಒಂದು ಸಲ ಯಲಬುರ್ಗಿಗೆ ಹೋಗಿ ಪಡಸಾಲೆಯ ಕೆಳಗೆ ನಿಂತು ಬಂದ. ಓವರ್ಸಿಯರಿಗೆ ಬೇರೆ ಊರಿಗೆ ವರ್ಗವಾಯಿತು. ಜಿಲಾನಸಾಬ ತೀರಿಕೊಂಡ. ನಲವತ್ತಾರನೆಯ ಇಸವಿಯಲ್ಲಿ ಹೊಸ ಗುಮಾಸ್ತೆಯೊಬ್ಬ ಕನ್ನಡಕ ಮೇಲೇರಿಸಿ ಅವನನ್ನು ನೋಡಿದ.

"ಯಾವ ಕೆಲಸದ ಕೂಲಿನಪಾ?"

"ಬಿಳೇಕಲ್ಲ ಕೆರಿದುರಿ."

"ಅಲ್ಲಿ ಕೆರಿ ಎಲ್ಲೈತಿ?"

"ಇಲ್ರಿ. ಆಗಲಿಲ್ಲ."

"ಆಗದ ಕೆರಿಗೆ ಕೂಲಿ ಹೆಂಗ ಕೊಡೂದು? ನೀ ಮಾಡಿದ್ದೇನು?"

"ಕೋಲು ಹಿಡಕೊಂಡು ನಿಂತಿದ್ದೆರಿ."

"ಬರೇ ನಿಂತಿದ್ದಿ?"

"ಹೌದ್ರಿ. ಕೆರಿ ಆಗಲಿಲ್ಲ. ನಾ ನಿಂತಿದ್ದು ಆಗೇತಿ."

ಗುಮಾಸ್ತೆ ಬೇರೆ ಕಾಗದ ಎಳೆದುಕೊಂಡು, ಮುಂದಿನ ವರ್ಷ ಬಾ ಎಂದ. ಬಾಲಪ್ಪ ಬರುತ್ತೇನೆ ಎಂದು ಹೇಳಿ ಬಿಸಿಲಿಗಿಳಿದ. ಕೂಲಿ ಬಾಕಿ ಉಳಿಯಿತು.